ಆಕ್ಸಾಲಿಪ್ಲಾಟಿನ್ ನಿಲ್ಲಿಸಿದ್ದಕ್ಕೆ ಸಿಟ್ಟಾದ ಮಗಳಿಗೆ

ಮಗಳೇ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಿಮ್ಮಮ್ಮ "ಅತ್ತಳಾ?" ಅಂತ ಕೇಳಿದಳು. ನೆಟ್‌ವರ್ಕ್ ಹೋಯಿತು ಅಂದೆ. ನಂಬಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಸುಳ್ಳನ್ನು ಅವಳು ನಂಬಿದ್ದೇ ಕಡಿಮೆ, ಬಿಡು.

"ಅಪ್ಪಾ, ನೀವು ಕೈಚೆಲ್ಲಿಬಿಟ್ಟಿರಿ" ಅಂದೆಯಲ್ಲ, ಅವಳು ಪಕ್ಕದಲ್ಲೇ ಕೂತಿದ್ದಳು, ಹಾಗಾಗಿ ಏನೂ ಹೇಳಲಾಗಲಿಲ್ಲ. ಈಗ ಮಲಗಿದ್ದಾಳೆ.

ಮೊದಲನೆಯದು, ಅಮ್ಮನ ಕೀಮೋ ನಿಂತಿಲ್ಲ. ಎರಡು ವಾರಕ್ಕೊಮ್ಮೆ ಹೋಗುವುದು, ಔಷಧಿ ಹಾಕಲೆಂದು ಎದೆಯ ಚರ್ಮದಡಿ ಇಟ್ಟಿರುವ ಪೋರ್ಟಿಗೆ ಸೂಜಿ ಹಾಕಿಸಿಕೊಳ್ಳುವುದು, ಔಷಧಿ ಹನಿಸುವ ಆ ಪುಟ್ಟ ಪಂಪನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಬಂದು 46 ಗಂಟೆ ಅದರ ಜೊತೆ ಏಳುವುದು, ಮಲಗುವುದು, ಎಲ್ಲ ಹಾಗೇ ಇದೆ. ನಿಂತಿರುವುದು ಆಕ್ಸಾಲಿಪ್ಲಾಟಿನ್ ಒಂದೇ. ಅದು ನರಗಳಿಗೆ ಪೆಟ್ಟು ಕೊಡುವ ಔಷಧಿ. ಶುರುವಿನಲ್ಲಿ ತಣ್ಣನೆಯದನ್ನು ಮುಟ್ಟಿದರೆ ಮಾತ್ರ ತೊಂದರೆ ಇತ್ತು, ಫ್ರಿಡ್ಜಿಗೆ ಕೈ ಹಾಕಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ, ತಣ್ಣೀರು ಕುಡಿದರೆ ಗಂಟಲು ಬಿಗಿದ ಹಾಗೆ. ನಾಲ್ಕೈದು ದಿನದಲ್ಲಿ ಹೋಗುತ್ತಿತ್ತು. ಡೋಸ್ ಕೂಡುತ್ತಾ ಹೋದ ಹಾಗೆ ಜೋಮು ಬಂದು ಅಲ್ಲೇ ಕೂತುಬಿಟ್ಟಿತು, ಬೆರಳಲ್ಲೂ ಪಾದದಲ್ಲೂ. ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಅದು ಜಾಸ್ತಿ ಆಗಬಹುದಂತೆ, ಆಮೇಲೆ ನಿಧಾನಕ್ಕೆ ಇಳಿಯಬಹುದು, ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ.

ಇದನ್ನು ಅವಳು ನನಗೆ ಹೇಳಿರಲಿಲ್ಲ. ಬೆಳಗ್ಗೆ ಬಟ್ಟೆ ಹಾಕಿಕೊಂಡು ಬರಲು ತುಂಬಾ ಹೊತ್ತು ಮಾಡುತ್ತಿದ್ದಳು, ಸುಸ್ತು ಅಂದುಕೊಂಡಿದ್ದೆ. ಒಂದಿನ ಬಾಗಿಲು ಅರೆ ತೆರೆದಿತ್ತು. ಕನ್ನಡಿ ಮುಂದೆ ನಿಂತು, ಬೆರಳು ಎಲ್ಲಿದೆ ಗುಂಡಿ ಎಲ್ಲಿದೆ ಅಂತ ಕಣ್ಣಲ್ಲೇ ನೋಡಿ ನೋಡಿ ಒಂದೊಂದೇ ಗುಂಡಿ ಹಾಕಿಕೊಳ್ಳುತ್ತಿದ್ದಳು, ಯಾಕೆಂದರೆ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ನಾನು ಸೀದಾ ಹೋಗಿ ಉಳಿದ ಗುಂಡಿಗಳನ್ನು ಹಾಕಿಬಿಟ್ಟೆ. ದೊಡ್ಡ ಸಹಾಯ ಮಾಡಿದೆ ಅಂದುಕೊಂಡೆ. ಸಂಜೆಯವರೆಗೆ ಅವಳು ನನ್ನ ಜೊತೆ ಮಾತಾಡಲಿಲ್ಲ.

ಯಾಕೆ ಹೇಳಲಿಲ್ಲ ಅಂತ ರಾತ್ರಿ ಕೇಳಿದೆ. "ನಿಮ್ಮ ಚಾರ್ಟ್ ಹಾಳಾಗುತ್ತಿತ್ತಲ್ವಾ" ಅಂದಳು.

ಗೋಡೆ ಮೇಲೆ 12 ಚೌಕ ಬರೆದು ಅಂಟಿಸಿದ್ದೆನಲ್ಲ, ಕೀಮೋದ ಒಂದೊಂದು ಸುತ್ತು, ಅಂದರೆ ಸೈಕಲ್, ಮುಗಿದಾಗಲೂ ಟಿಕ್ ಹಾಕಿ ನಿನಗೂ ಫೋಟೊ ಕಳಿಸುತ್ತಿದ್ದೆ, ನೀನು ಚಪ್ಪಾಳೆ ಕಳಿಸುತ್ತಿದ್ದೆ. "ಇನ್ನು ನಾಲ್ಕೇ, ಮುಗಿಸಿಬಿಡೋಣ" ಅಂತ ನಾನು ಮನೆಯೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ. ಆದರೆ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದ ಮೇಲೆ ಇದು 12 ಪೇಪರ್ ಬರೆದು ಪಾಸಾಗುವ ಪರೀಕ್ಷೆ ಅಲ್ಲ. ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ಅವಳು ಕೇಳಿಸಿಕೊಂಡಿದ್ದಳು. ನಾನು ಸುಮ್ನೆ ತಲೆಯಾಡಿಸಿದ್ದೆ.

ಚಾರ್ಟ್ ತೆಗೆದುಹಾಕಿದೆ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಅವಳೇ ಹೇಳಿದಳು, ನಾನು ಬಾಯಿ ಹಾಕಲಿಲ್ಲ (ಕಷ್ಟಪಟ್ಟೆ). ಸ್ಕ್ಯಾನ್‌ನಲ್ಲಿ ಗಡ್ಡೆಗಳು ಸಣ್ಣಗಾಗಿವೆ, ಈ ಹಂತದಲ್ಲಿ ಆಕ್ಸಾಲಿಪ್ಲಾಟಿನ್ ಬಿಟ್ಟು ಉಳಿದದ್ದನ್ನು ಮುಂದುವರಿಸುವುದು ಹೊಸದೇನಲ್ಲ, ಬೇಕಾದರೆ ಮುಂದೆ ಮತ್ತೆ ಶುರು ಮಾಡಬಹುದು ಅಂದರು. ಹತ್ತು ನಿಮಿಷದ ಮಾತು ಅಷ್ಟೇ. ಅದಕ್ಕಾಗಿ ಅವಳು ಎರಡು ತಿಂಗಳು ಒಬ್ಬಳೇ ಕಾದಿದ್ದಳು.

ಪ್ಯಾಲಿಯೇಟಿವ್ ಡಾಕ್ಟರ್ ಹತ್ತಿರ ಹೋಗುತ್ತೇವೆ ಅಂದಾಗಲೇ ನೀನು ಅತ್ತದ್ದು, ಅದೂ ಗೊತ್ತು. ಆ ಪದ ಕೇಳಿದರೆ ನನಗೂ ಎದೆ ಝಲ್ ಅಂದಿತ್ತು. ಅವರು ಮಾಡುವುದು ನೋವು, ವಾಕರಿಕೆ, ನಿದ್ದೆ, ಭಯ, ಇವನ್ನು ನೋಡಿಕೊಳ್ಳುವ ಕೆಲಸ, ಕೀಮೋ ಜೊತೆಜೊತೆಗೇ. ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಗಿತ್ತು. ಶುರುವಿನಿಂದಲೇ ಈ ಆರೈಕೆ ಸಿಕ್ಕವರ ದಿನಗಳು ಚೆನ್ನಾಗಿದ್ದವು, ಅಷ್ಟೇ ಅಲ್ಲ, ಅವರು ಸರಾಸರಿ ಎರಡು ತಿಂಗಳಿಗಿಂತ ಜಾಸ್ತಿ ಹೆಚ್ಚುವರಿಯಾಗಿ ಬದುಕಿದರು. ಅಮ್ಮನದು ಬೇರೆ ಕ್ಯಾನ್ಸರ್, ಲೆಕ್ಕ ಹಾಗೇ ಅನ್ವಯಿಸಬೇಡ. ಆದರೆ ಅಲ್ಲಿಗೆ ಹೋಗುವುದೆಂದರೆ ಕೊನೆ ಅಂತ ಅಂದುಕೊಳ್ಳಬೇಡ.

ನನ್ನ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ, ನಿನಗೆ ಹೇಳಿರಲಿಲ್ಲ. ಆರನೇ ಸೈಕಲ್ ಆದ ಮೇಲೆ ಒಂದು ರಾತ್ರಿ ಅವಳಿಗೆ 101 ಜ್ವರ ಬಂತು. ಪ್ಯಾರಸಿಟಮಾಲ್ ಕೊಟ್ಟೆ, ಜ್ವರ ಇಳಿಯಿತು, ಬೆಳಗ್ಗೆ ನೋಡೋಣ ಅಂದೆ. ಕೀಮೋ ನಡೆಯುವಾಗ 100.4 ದಾಟಿದರೆ ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಓಡಬೇಕು, ಬಿಳಿರಕ್ತಕಣ ಕಡಿಮೆ ಇರುವಾಗ ಸೋಂಕು ಗಂಟೆಗಳಲ್ಲೇ ಕೈಮೀರಬಹುದು, ಮಾತ್ರೆ ಆ ಸುಳಿವನ್ನೇ ಮುಚ್ಚಿಬಿಡುತ್ತದೆ. ಎಲ್ಲ ಬರೆದು ಕೊಟ್ಟಿದ್ದರು. ಆ ಕಾಗದ ನನ್ನ ಫೈಲಿನಲ್ಲೇ ಇತ್ತು, ನೀಟಾಗಿ ಪಂಚ್ ಮಾಡಿ. ನಾಲ್ಕು ದಿನ ಆಂಟಿಬಯಾಟಿಕ್ ಡ್ರಿಪ್ ಹಾಕಿದರು, ಉಳಿದಳು. ಬರೀ ಟಿಕ್ ಹಾಕುವವನು ಹೀಗೇ ಮಾಡುವುದು.

ನಾನು ಹೇಗಿದ್ದೇನೆ ಅಂತ ಕೇಳುತ್ತೀಯ. ನಿದ್ದೆ ಕಡಿಮೆ. ಕೀಮೋ ದಿನ ಕೊಡುವ ಸ್ಟಿರಾಯ್ಡ್‌ನಿಂದ ಅವಳಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಎರಡು ಗಂಟೆಗೆ ಎದ್ದು ಕಪಾಟು ಜೋಡಿಸುತ್ತಾಳೆ, ನಾನೂ ಜೊತೆಗೆ ಕೂರುತ್ತೇನೆ. ನಿಜ ಹೇಳಬೇಕೆಂದರೆ ನಾವಿಬ್ಬರೂ ಸರಿಯಾಗಿ ಮಾತಾಡುವುದು ಆಗಲೇ. ಒಮ್ಮೆ ನಿನ್ನ ಮೇಲೆ, ಒಮ್ಮೆ ಡಾಕ್ಟರ್ ಮೇಲೆ, ಕೆಲವೊಮ್ಮೆ ಅವಳ ಮೇಲೂ ಸಿಟ್ಟು ಬರುತ್ತದೆ. ಬಂದು ಹೋಗುತ್ತದೆ.

ಈಗ ನಿನ್ನಿಂದ ಎರಡು ಕೆಲಸ ಆಗಬೇಕು. ಆ ಕಷಾಯ, ಪುಡಿ, ಪವಾಡದ ವಿಡಿಯೊಗಳನ್ನು ಅವಳಿಗೆ ಕಳಿಸಬೇಡ, ಕಳಿಸಲೇಬೇಕು ಅನ್ನಿಸಿದರೆ ನನಗೆ ಕಳಿಸು, ನಾನು ಡಿಲೀಟ್ ಮಾಡುತ್ತೇನೆ. ರಕ್ತಕಣದ ಕೌಂಟ್ ಎಷ್ಟು, ಸಿಇಎ (ಕ್ಯಾನ್ಸರಿನ ಏರಿಳಿತದ ಸುಳಿವು ಕೊಡುವ ರಕ್ತಪರೀಕ್ಷೆ) ಎಷ್ಟು ಅಂತಲೂ ನನ್ನನ್ನೇ ಕೇಳು. ಅವಳ ಹತ್ತಿರ ನಿನ್ನ ಆಫೀಸಿನ ಜಗಳ ಹೇಳು. ಹೋದ ವಾರ ನೀನು ನಿನ್ನ ಮ್ಯಾನೇಜರನ್ನು ಬೈದದ್ದನ್ನು ಅವಳು ನನಗೆ ಮೂರು ಸಲ ಹೇಳಿದಳು, ಪ್ರತಿ ಸಲವೂ ಒಂದೊಂದು ಹೊಸ ಬೈಗುಳ ಸೇರಿಸಿ.

ಬರುವ ತಿಂಗಳು ಬರುತ್ತೇನೆ ಅಂದಿದ್ದೀಯ. ಫ್ಲೂ ಲಸಿಕೆ ಹಾಕಿಸಿಕೊಂಡು ಬಾ. ನೆಗಡಿ, ಕೆಮ್ಮು ಏನಾದರೂ ಇದ್ದರೆ ಟಿಕೆಟ್ ಮುಂದೂಡು, ಅವಳು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಬಂದಾಗ ಅವಳು ಗುಂಡಿ ಹಾಕಿಕೊಳ್ಳುವಾಗ ಕರೆಯುವ ತನಕ ಹತ್ತಿರ ಹೋಗಬೇಡ. ಕೆಲವು ದಿನ ಕರೆಯುತ್ತಾಳೆ.

ಅಪ್ಪ