ಶನಿವಾರದ ತರಗತಿ: ಆನ್‌ಲೈನ್ ವಿಡಿಯೊ ಸಾಕ್ಷ್ಯವಾಗುವುದು ಹೇಗೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 5ಕ್ಕೆ ಹಂಪನಕಟ್ಟೆಯ ನಮ್ಮ ಮಾಮೂಲಿ ಜಾಗದಲ್ಲಿ ಸೇರೋಣ. ಫೇಸ್‌ಬುಕ್, ಯೂಟ್ಯೂಬಿನಲ್ಲಿ ಎಲ್ಲರಿಗೂ ಕಾಣುವ ಫೋಟೊ, ವಿಡಿಯೊಗಳನ್ನು ಅಪರಾಧ ತನಿಖೆಯಲ್ಲಿ ಬಳಸುವುದು ವಿಷಯ. ಹೊಸದಾಗಿ ವಕೀಲಿ ಪ್ರಾಕ್ಟೀಸ್ ಶುರು ಮಾಡಿದವರು ದಯವಿಟ್ಟು ತಪ್ಪಿಸಬೇಡಿ.

ಬರೀ ಸ್ಕ್ರೀನ್‌ಶಾಟ್ ಸಾಲದು. ಒಂದು ವಿಡಿಯೊ ಆರಿಸಿ, ಪೂರ್ತಿ ಲಿಂಕ್, ಹಾಕಿದ ಖಾತೆ, ನೀವು ನೋಡಿದ ದಿನ, ಹೊತ್ತು ಬರೆದು ತನ್ನಿ. ಫೈಲ್ ಇಳಿಸಿಕೊಂಡ ತಕ್ಷಣ ಹ್ಯಾಶ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು) ತೆಗೆದಿಡಿ. ಆಮೇಲೆ ಒಂದು ಸೆಕೆಂಡ್ ಕತ್ತರಿಸಿದರೂ ಅದು ಬದಲಾಗುತ್ತದೆ. ಫೈಲನ್ನು ತಿದ್ದಿಲ್ಲ ಎಂದು ಕೋರ್ಟಿಗೆ ತೋರಿಸಲು ಇದು ಬೇಕೇ ಬೇಕು. ವಾಟ್ಸಾಪಿನಲ್ಲಿ ಫಾರ್ವರ್ಡ್ ಆಗಿ ಬಂದ ಪ್ರತಿ ಬೇಡ. ಅದರಲ್ಲಿ ವಿಡಿಯೊ ಕುಗ್ಗಿರುತ್ತದೆ, ತೆಗೆದ ಜಾಗದ ಮಾಹಿತಿಯೂ ಸಾಮಾನ್ಯವಾಗಿ ಹೋಗಿರುತ್ತದೆ.

ಎಲೆಕ್ಟ್ರಾನಿಕ್ ಸಾಕ್ಷ್ಯದ ವಿಷಯದಲ್ಲಿ 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಇದೆ. ಅದರಡಿ ಇಂಥ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕು, ಪರಿಣತರು ತುಂಬುವ ಭಾಗವೂ ಉಂಟು. ನಮೂನೆ ನಾನು ತರುತ್ತೇನೆ.

ನೊಂದವರ ಮುಖ ಕಾಣುವ ವಿಡಿಯೊ ಅಭ್ಯಾಸಕ್ಕೂ ಬೇಡ, ಈ ಗುಂಪಿಗಂತೂ ಹಾಕಲೇಬೇಡಿ. ಪಣಂಬೂರು ಬೀಚಿನಲ್ಲಿ ಯಾರೋ ಸುಮ್ನೆ ತೆಗೆದದ್ದಾದರೂ ಸಾಕು, ಅಲ್ವಾ? ನೆರಳು ನೋಡಿ ಹೊತ್ತು ಅಂದಾಜು ಮಾಡುವುದನ್ನು ಅದರಲ್ಲೇ ಕಲಿಯಬಹುದು.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಲ್ಯಾಪ್‌ಟಾಪ್ ಇದ್ದವರು ತನ್ನಿ.