ಭಾನುವಾರದ ಚರ್ಚೆ: ಐರ್ಲೆಂಡ್, 1932

ಎಲ್ರಿಗೂ ನಮಸ್ಕಾರ, ಈ ಸಲ 1932ರ ಐರ್ಲೆಂಡ್ ತಗೊಂಡಿದೀವಿ, ಓದ್ಕೊಂಡ್ ಬನ್ನಿ ಪ್ಲೀಸ್. ಮಾರ್ಚ್‌ನಲ್ಲಿ ಡಿ ವ್ಯಾಲೆರಾ (ಅಂತರ್ಯುದ್ಧದಲ್ಲಿ ಸೋತ ಬಣದ ನಾಯಕ) ಅಧಿಕಾರಕ್ಕೆ ಬಂದ್ರು, 1922-23ರ ಐರಿಷ್ ಅಂತರ್ಯುದ್ಧದಲ್ಲಿ ಗೆದ್ದವ್ರು ಸೋತವ್ರಿಗೆ ಹತ್ತು ವರ್ಷದೊಳಗೆ ತೆಪ್ಪಗೆ ಕುರ್ಚಿ ಬಿಟ್ಕೊಟ್ರು, ನಂಗೆ ಇದೇ ದೊಡ್ಡ ವಿಷ್ಯ ಅನ್ಸುತ್ತೆ. ಆಮೇಲೆ ಡಿ ವ್ಯಾಲೆರಾ, ರೈತರು ಜಮೀನು ಕೊಳ್ಳೋಕೆ ಹಿಂದೆ ಬ್ರಿಟನ್ ಕೊಟ್ಟಿದ್ದ ಸಾಲದ ಕಂತು ಬ್ರಿಟನ್‌ಗೆ ಕಟ್ಟಲ್ಲ ಅಂದ್ರು, ಅದಕ್ಕೆ ಬ್ರಿಟನ್‌ನವ್ರು ಜುಲೈನಲ್ಲಿ ಐರಿಷ್ ದನಗಳ ಮೇಲೆ 20% ಸುಂಕ ಜಡಿದ್ರು. ಇನ್ನು ಆಗಸ್ಟ್ 1, ಲಾಸ್ ಏಂಜಲೀಸ್ ಒಲಿಂಪಿಕ್ಸ್: 400 ಮೀಟರ್ ಹರ್ಡಲ್ಸ್‌ನಲ್ಲಿ ಐರ್ಲೆಂಡ್‌ನ ಬಾಬ್ ಟಿಸ್ಡಾಲ್‌ಗೆ ಚಿನ್ನ, ಆದ್ರೆ ಒಂದು ಹರ್ಡಲ್ ಬೀಳ್ಸಿದ್ದಕ್ಕೆ ವಿಶ್ವದಾಖಲೆ ಕೊಡ್ಲಿಲ್ಲ (ಅನ್ಯಾಯ ಅಲ್ವಾ!), ಅದೇ ದಿನ ಹ್ಯಾಮರ್ ಎಸೆತದಲ್ಲಿ ಐರ್ಲೆಂಡ್‌ನವ್ರೇ ಆದ ಪ್ಯಾಟ್ ಓಕ್ಯಾಲಹನ್‌ಗೂ ಚಿನ್ನ, ಶೂ ಮೊಳೆ ಉದ್ದ ಆಯ್ತು ಅಂತ ಅಲ್ಲೇ ಕೂತು ಅರದಲ್ಲಿ ಉಜ್ಜಿ ಉಜ್ಜಿ ಸವೆಸ್ಕೊಂಡು ಎಸ್ದಿದ್ದು. ದಯವಿಟ್ಟು ಗುಡ್ ಮಾರ್ನಿಂಗ್ ಫಾರ್ವರ್ಡ್ ಬೇಡ, ಡೌಟ್ ಇದ್ರೆ ಇಲ್ಲೇ ಹಾಕಿ.