ಅಂಬಿಗನ ಹೊಗೆಸೊಪ್ಪು

ಪ್ರೀತಿಯ ತಮ್ಮ,

ನಿನ್ನ ಮೂರೂ ಕಥೆ ಓದಿದೆ. ಎರಡು ಬಸ್ಸಿನಲ್ಲಿ, ಇನ್ನೊಂದು ಮನೆಗೆ ಬಂದು ಕಾಫಿ ಕುಡಿಯುತ್ತಾ. ಜೊತೆಗಿಟ್ಟ ಚೀಟಿಯಲ್ಲಿ ಕೇಳಿದ್ದೀಯ: "ಬರೀ ನಮ್ಮೂರನ್ನೇ ಬರೀತಾ ಕೂತರೆ ಯಾರಿಗೆ ಬೇಕು ಸಾರ್?" ಇದಕ್ಕೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ಚೀನಾದ ಒಬ್ಬ ಲೇಖಕರ ವಿಷಯ ಹೇಳುತ್ತೇನೆ, ಕೇಳು.

ಶೆನ್ ತ್ಸೊಂಗ್‌ವೆನ್ ಅಂತ. 1902ರಲ್ಲಿ ಹುನಾನ್ ಪ್ರಾಂತ್ಯದ ಪಶ್ಚಿಮದ ಮೂಲೆಯಲ್ಲಿರುವ ಫೆಂಗ್‌ಹುವಾಂಗ್‌ನಲ್ಲಿ ಹುಟ್ಟಿದವರು. ಗುಡ್ಡಗಾಡಿನ ಸೀಮೆ ಅದು. ಅಜ್ಜಿ ಮಿಯಾವೊ ಜನಾಂಗದವರು, ತಾಯಿ ತುಜಿಯಾ. ಹುಡುಗ ಶಾಲೆಗೆ ಚಕ್ಕರ್ ಹೊಡೆದು ನದಿ, ಸಂತೆ ಅಂತ ಅಲೆದದ್ದೇ ಜಾಸ್ತಿ. ಮೀಸೆ ಮೂಡುವ ಮೊದಲೇ ಸೈನ್ಯ ಸೇರಿದರು. ಇಪ್ಪತ್ತರ ಆಸುಪಾಸಿನಲ್ಲಿ ಬೀಜಿಂಗಿಗೆ ಬಂದರೆ ವಿಶ್ವವಿದ್ಯಾಲಯ ಸೇರಿಸಿಕೊಳ್ಳಲಿಲ್ಲ. ಚಳಿಗಾಲದಲ್ಲಿ ಬೆಂಕಿಯಿಲ್ಲದ ಕೋಣೆಯಲ್ಲಿ ಹೊದಿಕೆ ಸುತ್ತಿಕೊಂಡು ಬರೆದರು. ಆಮೇಲೆ ಅವರೇ ಪ್ರೊಫೆಸರ್ ಆದರು ಅನ್ನು. ಆದರೂ ಕೊನೆಯವರೆಗೂ "ನಾನು ಹಳ್ಳಿಯವ" ಅಂತಲೇ ಹೇಳಿಕೊಂಡರು.

1934ರಲ್ಲಿ ಬಂದ ಅವರ 'ಗಡಿಯೂರು' ಕಾದಂಬರಿಯಲ್ಲಿ ಚಾದೊಂಗ್ ಅನ್ನೋ ಊರಿದೆ. ಹತ್ತಿರದಲ್ಲೇ ಒಂದು ಹೊಳೆ. ಸೇತುವೆ ಇಲ್ಲ, ದೋಣಿ ಇದೆ. ದೋಣಿಯ ಮೂತಿಗೆ ಒಂದು ಬಿದಿರ ಗಳ, ಅದರಲ್ಲಿ ಕಬ್ಬಿಣದ ಬಳೆ. ಈ ದಡದಿಂದ ಆ ದಡಕ್ಕೆ ಎಳೆದು ಕಟ್ಟಿದ ಹಗ್ಗಕ್ಕೆ ಆ ಬಳೆ ಸಿಕ್ಕಿಸುತ್ತಾರೆ. ಮುದುಕ ಅಂಬಿಗ ಹಗ್ಗ ಹಿಡಿದು ಎಳೆಯುತ್ತಾ ಎಳೆಯುತ್ತಾ ದೋಣಿಯನ್ನು ಆಚೆ ದಡಕ್ಕೆ ತರುತ್ತಾನೆ. ದಡ ಹತ್ತಿರವಾದಾಗ "ನಿಧಾನ, ನಿಧಾನ" ಅಂತ ಕೂಗುತ್ತಾನೆ. ಅವನಿಗೆ ಸರ್ಕಾರದಿಂದ ಅಕ್ಕಿ ಬರುತ್ತದೆ, ಹಾಗಾಗಿ ಯಾರ ಕಾಸೂ ಮುಟ್ಟುವುದಿಲ್ಲ. ಯಾರಾದರೂ ಬಲವಂತವಾಗಿ ಹಾಕಿಯೇ ಹೋದರೆ, ಆ ದುಡ್ಡಿಗೆ ಪೇಟೆಯಿಂದ ಚಹಾ, ಹೊಗೆಸೊಪ್ಪು ತರಿಸುತ್ತಾನೆ. ಹೊಗೆಸೊಪ್ಪು ಸೊಂಟದಲ್ಲಿ. ಬೇಕೆಂದವರಿಗೆ ಅಲ್ಲೇ ಕೈಗೆ. ಚಹಾ ಸೊಪ್ಪು ದೊಡ್ಡ ಗಡಿಗೆಗೆ, ಮೇಲೆ ಕುದಿಯುವ ನೀರು. ದಾರಿಹೋಕರು ಕುಡಿದು ಹೋಗಲಿ ಅಂತ.

ನೋಡು, "ಅವನು ಒಳ್ಳೆಯವನು" ಅಂತ ಅವರು ನಿನಗೆ ಹೇಳಬೇಕಾಗಿಯೇ ಇಲ್ಲ. ಕಾಸು ಬಂತು, ಹೊಗೆಸೊಪ್ಪಾಗಿ ವಾಪಸ್ ಹೋಯಿತು. ಅಷ್ಟೇ.

ನಿನ್ನ ಕಥೆಯಲ್ಲಿ "ಸ್ವರ್ಗದಂಥ ನಮ್ಮೂರು" ಅಂತ ನಾಲ್ಕು ಸಲ ಬಂದಿದೆ. ಬೈಯುತ್ತಿಲ್ಲ. ನನ್ನ ಮೊದಲ ಪುಸ್ತಕದಲ್ಲಿ ನಾನೂ ಊರಿನ ಕೆರೆಯನ್ನು ಕನ್ನಡಿ ಅಂತ ಬರೆದಿದ್ದೆ. ಚಿಕ್ಕಪ್ಪ ಓದಿ, "ಯಾವೂರ ಕೆರೆನೋ ಇದು? ತೂಬೇ ಕಾಣ್ತಿಲ್ವಲ್ಲ" ಅಂದರು. ಅವರ ಗದ್ದೆಗೆ ನೀರು ಬರುತ್ತಿದ್ದದ್ದು ಆ ತೂಬಿನಿಂದ. ಇಪ್ಪತ್ತು ವರ್ಷ ಆ ಏರಿ ಮೇಲೆ ಓಡಾಡಿದ ನಾನು ತೂಬನ್ನು ಮರೆತಿದ್ದೆ!

ಯಾರಿಗೆ ಬೇಕು ಅಂದೆಯಲ್ಲ. 1934ರ ಚಳಿಗಾಲದಲ್ಲಿ ತಾಯಿಗೆ ಹುಷಾರಿಲ್ಲ ಅಂತ ಶೆನ್ ಊರಿಗೆ ಹೊರಟರು. ಯುವಾನ್ ನದಿಯಲ್ಲಿ ಸಣ್ಣ ದೋಣಿ, ಹರಿವಿನ ಎದುರು ಪಯಣ. ಹೆಂಡತಿ ಜಾಂಗ್ ಜಾವೊಹೆ ಬೀಜಿಂಗಿನಲ್ಲಿ. ದೋಣಿಯಲ್ಲೇ ಕೂತು ಅವರಿಗೆ ಕಾಗದದ ಮೇಲೆ ಕಾಗದ ಬರೆದರು. ಚುಕ್ಕಾಣಿ ಹಿಡಿದವನಿಗೆ ದಿನಗೂಲಿ ಎಷ್ಟು, ಚಿಕ್ಕ ಹುಡುಗನಿಗೆ ಎಷ್ಟು, ದೋಣಿಯವರು ಹೇಗೆ ಬೈದಾಡುತ್ತಾರೆ, ಎಲ್ಲ. ಕೆಲವು ಕಡೆ ಚಿತ್ರವನ್ನೂ ಬರೆದರು. ಓದುವವರು ಒಬ್ಬರೇ ಅಂತ ಗೊತ್ತಿದ್ದ ಬರಹ ಅದು. ಎರಡು ವರ್ಷದ ನಂತರ ಬಂದ ಪ್ರವಾಸದ ಪುಸ್ತಕ ಬೆಳೆದದ್ದು ಅದರಿಂದಲೇ.

ಇನ್ನೊಂದು ವಿಷಯ. ನಿನ್ನ ಗಿರಣಿಯ ಕಥೆಯಲ್ಲಿ ಎಲ್ಲರೂ ಭಾಷಣ ಮಾಡುತ್ತಾರೆ. ಕುನ್ಮಿಂಗ್‌ನಲ್ಲಿ ಶೆನ್ ಅವರ ಶಿಷ್ಯರಾಗಿದ್ದ ವಾಂಗ್ ಜೆಂಗ್‌ಚಿ ಕೂಡ ಹುಡುಗರಾಗಿದ್ದಾಗ ಸಂಭಾಷಣೆಯನ್ನು ಚೆಂದ ಮಾಡಲು ಹೋಗಿದ್ದರಂತೆ. ಇದು ಮಾತುಕತೆ ಅಲ್ಲಪ್ಪ, ಎರಡು ಜಾಣ ತಲೆಗಳ ಜಗಳ ಅಂದರಂತೆ ಮೇಷ್ಟ್ರು. ಪಾತ್ರಕ್ಕೆ ಅಂಟಿಕೊಂಡು ಬರಿ ಅನ್ನೋದು ಅವರ ಪಾಠ.

ಕಷ್ಟದ ಭಾಗವನ್ನೂ ಹೇಳಿಬಿಡಬೇಕು. 1949ರಲ್ಲಿ ಕಮ್ಯುನಿಸ್ಟರ ಆಡಳಿತ ಬಂದು ಕಾಲ ಬದಲಾಯಿತು. ಅವರ ಬರಹ ಬೇಡವಾಯಿತು. ಆ ವರ್ಷ ಜೀವ ಕಳೆದುಕೊಳ್ಳಲೂ ಹೋಗಿದ್ದರು. ಬದುಕಿಕೊಂಡರು, ಆದರೆ ಕಥೆಗಾರರಾಗಿ ಮತ್ತೆ ಮರಳಲಿಲ್ಲ. ಬೀಜಿಂಗಿನ ವಸ್ತುಸಂಗ್ರಹಾಲಯದಲ್ಲಿ ಹಳೇ ಬಟ್ಟೆ, ಕನ್ನಡಿ, ಪಿಂಗಾಣಿಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದರು. ಚೀನಾದ ಹಳೆಯ ಉಡುಪಿನ ಬಗ್ಗೆ ಅವರ ದೊಡ್ಡ ಪುಸ್ತಕ 1981ರಲ್ಲಿ ಬಂತು. ಇದನ್ನು ಸೋಲು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೋಣಿಯ ಬಳೆಯನ್ನು ನೋಡಿದ ಕಣ್ಣೇ ಸೀರೆಯಂಚಿನ ಹೊಲಿಗೆಯಂಥದ್ದನ್ನೂ ನೋಡಿತು, ಅಲ್ವಾ?

1982ರಲ್ಲಿ ಊರಿಗೆ ಹೋದಾಗ, ಬಾಲ್ಯದಲ್ಲಿ ಕೇಳಿದ್ದ ನುವೊ ಅನ್ನೋ ಮುಖವಾಡದ ಆಟದ ಹಾಡು ಕೇಳಿ ಅತ್ತರಂತೆ. ಆಗ ಅವರಿಗೆ ಎಂಬತ್ತರ ಹತ್ತಿರ. 1988ರಲ್ಲಿ ತೀರಿಕೊಂಡರು. ನಾಲ್ಕು ವರ್ಷದ ಮೇಲೆ ಅವರ ಬೂದಿಯಲ್ಲಿ ಸ್ವಲ್ಪವನ್ನು ಊರಿನ ತುವೊ ಹೊಳೆಗೆ ಬಿಟ್ಟು, ಉಳಿದದ್ದನ್ನು ಅಲ್ಲೇ ಗುಡ್ಡದ ಮೇಲೆ ಮಣ್ಣು ಮಾಡಿದರು.

ಈಗ ನಿನ್ನ ಕೆಲಸ. ಕಥೆಗಳನ್ನು ಸದ್ಯಕ್ಕೆ ಎತ್ತಿಡು. ಹಬ್ಬಕ್ಕೆ ಊರಿಗೆ ಹೋಗುತ್ತೀಯಲ್ಲ, ಒಂದಿಡೀ ದಿನ ಗಿರಣಿಯಲ್ಲಿ ಸುಮ್ನೆ ಕೂತಿರು. ಬೆಲ್ಟ್ ಜಾರಿದರೆ ಏನು ಮಾಡುತ್ತಾರೆ? ರಾಗಿ ಬೀಸಿದ ಮೇಲೆ ಗೋಧಿ ತಂದವರು ಯಾಕೆ ಗೊಣಗುತ್ತಾರೆ? ಕರೆಂಟ್ ಹೋದಾಗ ಚೀಲದ ಮೇಲೆ ಕೂತ ಹೆಂಗಸರು ಏನು ಮಾತಾಡುತ್ತಾರೆ? ಕಥೆ ಬೇಡ, ನನಗೊಂದು ಕಾಗದ ಬರಿ. ನಾನು ನಿಮ್ಮೂರನ್ನು ನೋಡಿಲ್ಲ.

ನಿನ್ನ ಮೇಷ್ಟ್ರು